ಮರಳ ದಿಬ್ಬದ ಕುರುಚಲಲ್ಲಿ ಹಕ್ಕಿ ನೋಡುವುದು ಹೇಗೆ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಸ್ಟಡ್‌ಲ್ಯಾಂಡ್ ಎಂಬ ಊರಿದೆ. ಸಮುದ್ರದ ಅಂಚಿನಲ್ಲಿ ಉದ್ದಕ್ಕೂ ಮರಳು, ಅದರ ಹಿಂದೆ ಸಾಲು ದಿಬ್ಬಗಳು, ದಿಬ್ಬಗಳ ಮೇಲೆ ಸೊಂಟದೆತ್ತರದ ಕುರುಚಲು. ಮೊದಲ ಸಲ ಬಂದವರಿಗೆ ಇಡೀ ಜಾಗ ಖಾಲಿ ಅನ್ನಿಸುತ್ತದೆ. ಆದರೆ ಇಲ್ಲಿ ವರ್ಷವಿಡೀ ಹಕ್ಕಿಗಳಿವೆ. ಅವು ಗಿಡದೊಳಗೇ ಇರುತ್ತವೆ, ಅಷ್ಟೆ. ಹಾಗಾಗಿ ಇಲ್ಲಿ ಮೊದಲು ಕಿವಿಗೆ ಕೆಲಸ, ಆಮೇಲೆ ಕಣ್ಣಿಗೆ.

ಮೊದಲು ನೆಲವನ್ನು ಓದಿ

ಸ್ಟಡ್‌ಲ್ಯಾಂಡ್ ಮರಳಿನಲ್ಲಿ ಚಿಪ್ಪಿನ ಚೂರು, ಅಂದರೆ ಸುಣ್ಣದ ಅಂಶ, ತೀರಾ ಕಡಿಮೆ. ಮಳೆ ಬಿದ್ದಂತೆ ಅದೂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಅಂಥ ನೆಲದಲ್ಲಿ ಚೆನ್ನಾಗಿ ಬೆಳೆಯುವುದು ಹೀದರ್ ಎಂಬ ಕುರುಚಲು ಗಿಡ. ಜೊತೆಗೆ ಹಳದಿ ಹೂವಿನ ಮುಳ್ಳುಪೊದೆ ಗಾರ್ಸ್. ಸಮುದ್ರದ ಕಡೆಯಿಂದ ಒಳಗೆ ನಡೆದರೆ ಮೊದಲು ಬರೀ ಮರಳು, ನಂತರ ಮ್ಯಾರಮ್ ಹುಲ್ಲು, ಆಮೇಲೆ ಹೀದರ್, ಕೊನೆಗೆ 'ಲಿಟಲ್ ಸೀ' ಎಂಬ ಸಿಹಿನೀರಿನ ಕೆರೆ ಸಿಗುತ್ತದೆ. ಅದು ಒಂದು ಕಾಲಕ್ಕೆ ಸಮುದ್ರದ ಭಾಗವೇ ಆಗಿತ್ತು. ದಿಬ್ಬಗಳು ಬೆಳೆದು ಅದನ್ನು ಸಮುದ್ರದಿಂದ ಬೇರೆ ಮಾಡಿದವು. ಈ ಒಂದೊಂದು ಪಟ್ಟಿಗೂ ಅದರದೇ ಹಕ್ಕಿಗಳು.

ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 10x ಕೊಂಡರೆ ಗಾಳಿಗೆ ಕೈ ನಡುಗಿದಾಗ ಚಿತ್ರವೂ ಜಾಸ್ತಿ ನಡುಗುತ್ತದೆ, ಕಾಣುವ ಅಗಲವೂ ಸಾಮಾನ್ಯವಾಗಿ ಕಡಿಮೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸೇರಿಸಿ. ಹೀದರ್‌ನಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ, ಅವುಗಳಿಂದ ಲೈಮ್ ರೋಗ ಬರಬಹುದು. ಬಿಸಿಲು ಕಾಯುವ ಆಡರ್ ಎಂಬ ವಿಷದ ಹಾವೂ ಇದೆ. ಕಾಲುದಾರಿಯಿಂದ ಆಚೆ ಹೋಗದಿದ್ದರೆ ಅದಕ್ಕೂ ಕ್ಷೇಮ, ನಿಮಗೂ ಕ್ಷೇಮ.

ಇನ್ನೊಂದು ಮಾತು. ಇಲ್ಲಿನ ತೀರ ಪೂರ್ವಕ್ಕೆ ಮುಖಮಾಡಿದೆ. ಬೆಳಿಗ್ಗೆ ಸಮುದ್ರದ ಕಡೆಯಿಂದ ಒಳಕ್ಕೆ ನಡೆದರೆ ಸೂರ್ಯ ಬೆನ್ನಿಗಿರುತ್ತಾನೆ, ಪೊದೆಗಳ ಮೇಲೆ ಒಳ್ಳೆಯ ಬೆಳಕು. ಸಮುದ್ರದ ಹಕ್ಕಿ ನೋಡಬೇಕಾದರೆ ಮಧ್ಯಾಹ್ನದ ನಂತರ ಹೋಗಿ. ಬೆಳಿಗ್ಗೆ ನೀರಿನ ಹೊಳಪಿನಲ್ಲಿ ಎಲ್ಲವೂ ಕಪ್ಪು ಚುಕ್ಕೆ.

ವಸಂತ: ಸ್ಟೋನ್‌ಚಾಟ್ ಜಾಡು ಹಿಡಿದು ಹೋಗಿ

ಮಾರ್ಚ್‌ನಿಂದ ಮೇವರೆಗೆ, ಗಾಳಿಯಿಲ್ಲದ ಬೆಳಗು ಆರಿಸಿಕೊಳ್ಳಿ. ಕಾಲುದಾರಿಯಲ್ಲಿ ನಿಂತುಬಿಡಿ. ಹತ್ತು ನಿಮಿಷ ಸುಮ್ನೆ ನಿಂತರೆ ಸಾಕು, ಎರಡು ಬೆಣಚುಕಲ್ಲು ಕುಟ್ಟಿದಂಥ ಸದ್ದು ಕೇಳೀತು. ಅದು ಸ್ಟೋನ್‌ಚಾಟ್. ಗಂಡಿಗೆ ಕಪ್ಪು ತಲೆ, ಕಿತ್ತಳೆ ಎದೆ. ಗಾರ್ಸ್ ತುದಿಯಲ್ಲಿ ಎದ್ದು ಕಾಣುವಂತೆ ಕೂರುತ್ತದೆ.

ಅದನ್ನು ನೋಡಿ ಮುಂದೆ ಹೋಗಬೇಡಿ. ಅದರ ಕೆಳಗಿನ ಪೊದೆ ನೋಡಿ. ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಎಷ್ಟೋ ಸಲ ಸ್ಟೋನ್‌ಚಾಟ್ ಹಿಂದೆಯೇ ಓಡಾಡುತ್ತದೆ. ಮೇಲೆ ಕೂತವನು ಅಪಾಯ ಕಂಡು ಕೂಗಿದರೆ ಕೆಳಗಿದ್ದವನಿಗೂ ಲಾಭ, ಅಲ್ವಾ? ಉದ್ದ ಬಾಲ, ಬೂದು ತಲೆ, ಮಾಗಿದ ದ್ರಾಕ್ಷಿಯ ಕೆಂಪು ಎದೆ, ಕಣ್ಣಿನ ಸುತ್ತ ಕೆಂಪು ಉಂಗುರ. 'ಚರ್ರ್' ಎಂದು ಗೊರಕೆಯಂಥ ಸದ್ದು ಮಾಡಿ, ಕ್ಷಣ ಮಾತ್ರ ಮೇಲೆ ಬಂದು ಮತ್ತೆ ಮುಳುಗುತ್ತದೆ. ಸದ್ದು ಬಂದ ಪೊದೆಗೆ ಬೈನಾಕ್ಯುಲರ್ ಹಿಡಿದು ಕಾಯಬೇಕು, ಹಿಂದೆ ಓಡಬಾರದು.

ಈ ಹಕ್ಕಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಬೇರೆ ಎಷ್ಟೋ ವಾರ್ಬ್ಲರ್‌ಗಳು ಚಳಿಗೆ ಆಫ್ರಿಕಾಕ್ಕೆ ಹೋಗುತ್ತವೆ. ಇದು ಜೇಡ, ಹುಳು ಹುಡುಕಿಕೊಂಡು ಇಲ್ಲೇ ಉಳಿಯುತ್ತದೆ. 1962-63ರ ಭೀಕರ ಚಳಿಗಾಲದ ನಂತರ ಇಡೀ ಬ್ರಿಟನ್ನಿನಲ್ಲಿ ಸುಮಾರು ಹತ್ತು ಜೋಡಿ ಮಾತ್ರ ಉಳಿದಿದ್ದವು. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಗೂಡಿನ ಹತ್ತಿರ ಇದಕ್ಕೆ ತೊಂದರೆ ಕೊಡುವುದು ಅಪರಾಧ. ಫೋನಿನಲ್ಲಿ ಅದರ ಹಾಡು ಹಾಕಿ ಕರೆಯುವ ಯೋಚನೆಯೂ ಬೇಡ.

ಬೇಸಿಗೆ: ಸಂಜೆಗೆ ಬನ್ನಿ

ಜೂನ್ ಹಗಲಿನಲ್ಲಿ ಬೀಚಿಗೆ ಬಂದವರ ಗದ್ದಲ. ಹಕ್ಕಿ ನೋಡುವವರಿಗೆ ಕತ್ತಲೆಯೇ ಸರಿ. ಬೆಚ್ಚಗಿನ, ಮಳೆಯಿಲ್ಲದ, ಗಾಳಿಯಿಲ್ಲದ ಸಂಜೆ ಆರಿಸಿ. ಆಗ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9.20ರ ಸುಮಾರಿಗೆ. ಅದಾಗಿ ಅರ್ಧ ಗಂಟೆಗೆ ನೈಟ್‌ಜಾರ್, ನಮ್ಮ ನತ್ತಿಂಗದ ಬಳಗದ ಹಕ್ಕಿ, ಶುರು ಮಾಡುತ್ತದೆ. 'ಟರ್ರ್ರ್' ಎಂದು ಉಸಿರು ತೆಗೆದುಕೊಳ್ಳದೆ ನಿಮಿಷಗಟ್ಟಲೆ ಹಾಡುತ್ತದೆ. ಅದು ತಲೆ ತಿರುಗಿಸಿದಂತೆ ಸದ್ದು ಹತ್ತಿರ, ದೂರ ಆದಂತೆ ಕೇಳುತ್ತದೆ.

ಒಂಟಿ ಪೈನ್ ಮರ ಕಾಣುವ ಕಡೆ, ಪಶ್ಚಿಮದ ತಿಳಿ ಆಕಾಶಕ್ಕೆ ಮುಖಮಾಡಿ ನಿಲ್ಲಿ. ಹಾಡು ನಿಂತ ತಕ್ಷಣ ಮೇಲೆ ನೋಡಿ, ಹಾರುವುದು ಆಗಲೇ. ರೆಕ್ಕೆ ಬಡಿದು ಚಪ್ಪಾಳೆಯ ಸದ್ದನ್ನೂ ಮಾಡುತ್ತದೆ. ಗಂಡಿನ ರೆಕ್ಕೆ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಇದು ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿ, ಆದ್ದರಿಂದ ದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ. ಇಂಗ್ಲೆಂಡಿನಲ್ಲಿ ಜನರಿಗೆ ಮುಕ್ತವಾಗಿರುವ ಇಂಥ ನೆಲದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಅದು ಕಾನೂನೇ.

ಶರತ್ಕಾಲ

ಆಗಸ್ಟ್‌ನಲ್ಲಿ ಹೀದರ್ ನೇರಳೆಯಾಗುತ್ತದೆ. ಲಿಟಲ್ ಸೀ ಮೇಲೆ ಹಾಬಿ ಎಂಬ ಚುರುಕು ಡೇಗೆ ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿದು ಗಾಳಿಯಲ್ಲೇ ತಿನ್ನುವುದು ಕಾಣಬಹುದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಸುಕಿಗೇ ಎತ್ತರದ ದಿಬ್ಬ ಹತ್ತಿ. ಸ್ವಾಲೋ, ಪಿಪಿಟ್‌ಗಳು ವಲಸೆ ಹೋಗುತ್ತಾ ತಲೆಯ ಮೇಲೆ ಹಾದುಹೋಗುತ್ತವೆ. ಪಕ್ಕದ ಪೂಲ್ ಹಾರ್ಬರ್‌ನಲ್ಲಿ ಮೀನುಡೇಗೆಗೂ ಕಣ್ಣಿಡಿ. 2017ರಿಂದ ಮರಿಗಳನ್ನು ತಂದು ಬಿಟ್ಟ ಪ್ರಯತ್ನದಿಂದ 2022ರಲ್ಲಿ ಅಲ್ಲಿ ಮತ್ತೆ ಮರಿಯಾಯಿತು. ಎಷ್ಟು ಸಂತೋಷದ ಸುದ್ದಿ!

ಚಳಿಗಾಲ: ಸಮುದ್ರಕ್ಕೆ ತಿರುಗಿ

ಈಗ ದಿಬ್ಬದಲ್ಲಿ ಸದ್ದು ಕಡಿಮೆ. ಕೊಲ್ಲಿಯಲ್ಲಿ ಹಕ್ಕಿ ಜಾಸ್ತಿ. ಅಲೆಯಿಲ್ಲದ ಮಧ್ಯಾಹ್ನ ನೀರಿನಲ್ಲಿ ಮುಳುಗುವ ಹಕ್ಕಿಗಳಾದ ಬ್ಲ್ಯಾಕ್-ನೆಕ್ಡ್ ಗ್ರೀಬ್‌ಗಳು, ಗ್ರೇಟ್ ನಾರ್ದರ್ನ್ ಡೈವರ್ ಹುಡುಕಿ. ಡೈವರ್ ಮುಳುಗಿದರೆ ಒಂದು ನಿಮಿಷದಷ್ಟು ಕಾಲ ಕಾಣದೇ ಇರಬಹುದು, ಎದ್ದೇಳುವುದೂ ಬೇರೆ ಕಡೆ. ಆದ್ದರಿಂದ ಮುಳುಗಿದ ಜಾಗಕ್ಕೇ ಬೈನಾಕ್ಯುಲರ್ ಅಂಟಿಸಬೇಡಿ. ಬರಿಗಣ್ಣಿನಲ್ಲಿ ಅಗಲವಾಗಿ ನೋಡುತ್ತಾ ಇರಿ, ಎದ್ದ ಮೇಲೆ ಬೈನಾಕ್ಯುಲರ್ ಎತ್ತಿ. ಅಲೆಯ ಅಂಚಿನಲ್ಲಿ ಓಡುವ ಸಣ್ಣ ಬೆಳ್ಳಗಿನ ಹಕ್ಕಿಗಳು ಸ್ಯಾಂಡರ್ಲಿಂಗ್. ಅವುಗಳ ಎದುರಿಗೆ ನಡೆದು ಎಬ್ಬಿಸಬೇಡಿ. ಚಳಿಯ ದಿನ ಒಂದೊಂದು ಹಾರಾಟಕ್ಕೂ ಅವುಗಳ ಶಕ್ತಿ ಖರ್ಚಾಗುತ್ತದೆ. ದಿಬ್ಬದ ಬುಡದಲ್ಲಿ ಕೂತರೆ ಸಾಕು, ಓಡುತ್ತಾ ಓಡುತ್ತಾ ಅವೇ ಹತ್ತಿರ ಬರುತ್ತವೆ.