ಮನೆಯಲ್ಲಿ ಕಟ್ಟಿದ ಸಬ್‌ಮೆರೀನ್: ಶಾಫ್ಟ್‌ಗೆ ಗ್ರೀಸ್ ತುಂಬುವ ಸರಿಯಾದ ಕ್ರಮ

ದೋಣಿಗೆ ಗ್ರೀಸ್ ಹಾಕಿ ಕೈ ಪಳಗಿದವರೇ ಪುಟ್ಟ ಸಬ್‌ಮೆರೀನ್ ವಿಷಯದಲ್ಲಿ ಹೆಚ್ಚು ಎಡವುತ್ತಾರೆ. ದೋಣಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ನೀರಿನಿಂದ ಒಂದು ಮೀಟರ್ ಕೆಳಗಿದ್ದರೆ ಹೆಚ್ಚು. ಸಬ್‌ಮೆರೀನ್ ಇಳಿದಂತೆಲ್ಲ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಒತ್ತಡ ಏರುತ್ತದೆ. ಅಮೆರಿಕದ ಜಾರ್ಜ್ ಕಿಟ್ರೆಜ್ ರೂಪಿಸಿದ ಕೆ-250 ಮಾದರಿಯ ಹೆಸರಿನಲ್ಲೇ ಅದು ಇಳಿಯಬಲ್ಲ ಆಳವಿದೆ: 250 ಅಡಿ, ಅಂದರೆ 76 ಮೀಟರ್. ಅಷ್ಟು ಆಳದಲ್ಲಿ ಏಳೂವರೆ ಬಾರ್ ಒತ್ತಡ. ಅಂಗಡಿಯ ಸಾಮಾನ್ಯ ಆಯಿಲ್ ಸೀಲ್ (ರಬ್ಬರ್ ತುಟಿಯನ್ನು ಶಾಫ್ಟಿಗೆ ಒತ್ತಿ ಸೋರಿಕೆ ತಡೆಯುವ ಉಂಗುರ) ತಾಳುವುದು 0.3 ಬಾರ್ ಆಸುಪಾಸು. ಈ ಅಂತರವನ್ನು ತುಂಬುವುದೇ ಇಲ್ಲಿ ಗ್ರೀಸಿನ ಮುಖ್ಯ ಕೆಲಸ. ನುಣುಪು ಆಮೇಲಿನ ಮಾತು.

ಮೊದಲು ಗ್ರೀಸ್ ಆರಿಸಿ. ಡಬ್ಬಿಯ ಮೇಲೆ ‘ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್’ ಎಂದಿರುವುದನ್ನೇ ಕೊಳ್ಳಿ. ಲಾರಿಗೆ, ಟ್ರ್ಯಾಕ್ಟರಿಗೆ ಹಾಕುವ ಲಿಥಿಯಂ ಗ್ರೀಸ್ ಉಪ್ಪುನೀರು ತಾಗಿದರೆ ಕ್ರಮೇಣ ತೊಳೆದುಹೋಗುತ್ತದೆ. ಗ್ರಾಫೈಟ್ ಬೆರೆಸಿದ ಕಪ್ಪು ಗ್ರೀಸ್ ಖಂಡಿತ ಬೇಡ: ಸಮುದ್ರದ ನೀರಿನಲ್ಲಿ ಗ್ರಾಫೈಟ್ ಮತ್ತು ಲೋಹ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ, ಅಲ್ಯುಮಿನಿಯಂ ಭಾಗ ಬೇಗ ಕರಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಗುಳಿ ಬೀಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ನೀರನ್ನು ಹೊರಡಿಸುತ್ತದೆ, ನಟ್ಟು ಸಡಿಲಿಸುತ್ತದೆ, ಅಷ್ಟೇ. ಅದನ್ನು ಗ್ರೀಸಿನ ಬದಲಿಗೆ ಬಳಸಬೇಡಿ, ಮುಚ್ಚಿದ ಕ್ಯಾಬಿನ್ನಿನೊಳಗೆ ಸಿಂಪಡಿಸಲೇಬೇಡಿ. ಹಳೆಯ ಗ್ರೀಸ್ ಬೇರೆ ಜಾತಿಯದಾಗಿದ್ದರೆ ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು, ಒಣಗಿಸಿ ಹೊಸದನ್ನು ಹಾಕಿ. ಎರಡು ಜಾತಿ ಬೆರೆತರೆ ಹಲವು ಸಲ ನೀರಾಗಿ ಸೋರಿಹೋಗುತ್ತದೆ.

ಶಾಫ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. 304 ಅಗ್ಗ, ಆದರೆ ಸೀಲಿನ ಅಡಿಯಲ್ಲಿ, ಗಾಳಿಯಾಡದ ಜಾಗದಲ್ಲೇ ಅದಕ್ಕೆ ಗುಳಿ ಬೀಳುತ್ತದೆ. ಸೀಲ್ ಕೂರುವ ಜಾಗದಲ್ಲಿ ಲೇತ್ ಬಿಟ್ಟ ಸುರುಳಿ ಗೆರೆ ಉಳಿದಿದ್ದರೆ ಶಾಫ್ಟ್ ತಿರುಗುವಾಗ ಆ ಗೆರೆಯೇ ನೀರನ್ನು ಒಳಗೆಳೆಯುತ್ತದೆ. 400ರ, ಆಮೇಲೆ 600ರ ಎಮರಿ ಪೇಪರನ್ನು ಸುತ್ತಲೂ ಹಿಡಿದು ಗೆರೆ ತೆಗೆಯಿರಿ. ಉದ್ದುದ್ದ ಉಜ್ಜಬೇಡಿ.

ಜೋಡಣೆ ನೀರಿನ ಕಡೆಯಿಂದ ಹೀಗೆ: ನೈಟ್ರೈಲ್ ರಬ್ಬರಿನ ಆಯಿಲ್ ಸೀಲ್, ಗ್ರೀಸ್ ಕೋಣೆ, ಕ್ಯಾಬಿನ್ ಕಡೆಗೆ ಗ್ಲ್ಯಾಂಡ್ (ಶಾಫ್ಟಿನ ಸುತ್ತ ಪ್ಯಾಕಿಂಗ್ ಒತ್ತಿ ಹಿಡಿಯುವ ಗೂಡು). ಸೀಲಿನ ಸ್ಪ್ರಿಂಗ್ ಇರುವ ಮುಖ ನೀರಿನ ಕಡೆಗಿರಬೇಕು. ಆಗ ಹೊರಗಿನ ನೀರು ತುಟಿಯನ್ನು ಶಾಫ್ಟಿಗೆ ಒತ್ತುತ್ತದೆ, ಒಳಗೆ ಗ್ರೀಸ್ ಹೆಚ್ಚಾದರೆ ತುಟಿ ಎತ್ತಿ ಹೊರಗೆ ಬಿಡುತ್ತದೆ. ತಿರುಗಿಸಿ ಹಾಕಿದರೆ ಹೆಚ್ಚಿನ ಗ್ರೀಸಿಗೆ ದಾರಿಯಿಲ್ಲದೆ ಸೀಲೇ ಗೂಡಿನಿಂದ ಹಾರುತ್ತದೆ. ಸೀಲಿನ ಜೊತೆ ಬರುವ ಸ್ಪ್ರಿಂಗ್ ಸಾಮಾನ್ಯವಾಗಿ ಮಾಮೂಲಿ ಉಕ್ಕಿನದು, ಉಪ್ಪುನೀರಿನಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ. ಅದೇ ಅಳತೆಯ ಸ್ಟೇನ್‌ಲೆಸ್ ಸ್ಪ್ರಿಂಗ್ ಹಾಕಿಸಿ, ಅದು ಕೂರುವ ಸಂದಿಗೂ ಗ್ರೀಸ್ ತುಂಬಿ.

ಗ್ಲ್ಯಾಂಡಿಗೆ ಟೆಫ್ಲಾನ್ ಹೆಣಿಗೆಯ ಪ್ಯಾಕಿಂಗ್ ಹಗ್ಗ. ಅದನ್ನು ಸುರುಳಿಯಾಗಿ ಸುತ್ತಬೇಡಿ. ಶಾಫ್ಟಿನ ಮೇಲೆಯೇ ಅಳೆದು, ಓರೆಯಾಗಿ ಕತ್ತರಿಸಿದ ಬಿಡಿ ಉಂಗುರಗಳಾಗಿ, ಒಂದರ ಕೀಲು ಮುಂದಿನದಕ್ಕಿಂತ ಕಾಲು ಸುತ್ತು ಆಚೆ ಬರುವಂತೆ ಕೂರಿಸಿ.

ಇನ್ನು ಗ್ರೀಸ್ ತುಂಬುವುದು. ಕೆಲಸ ಕೆಡಬಹುದಾದದ್ದು ಇಲ್ಲಿಯೇ, ಕಾರಣ ಒಳಗೆ ಉಳಿದ ಗಾಳಿ. 60 ಮಿ.ಲೀ. ಕೋಣೆಯಲ್ಲಿ 6 ಮಿ.ಲೀ. ಗಾಳಿ ಉಳಿದಿದೆ ಎನ್ನಿ. 76 ಮೀಟರ್ ಆಳದಲ್ಲಿ ಅದು 0.7 ಮಿ.ಲೀ.ಗೆ ಕುಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಐದು ಮಿ.ಲೀ. ದಾಟಿ ಉಪ್ಪುನೀರು ನುಗ್ಗುತ್ತದೆ. ಮೇಲೆ ಬರುವಾಗ ಗಾಳಿ ಹಿಗ್ಗಿ ಗ್ರೀಸನ್ನು ಹೊರದಬ್ಬುತ್ತದೆ. ಪ್ರತಿ ಮುಳುಗಿಗೂ ಇದೇ ಪಂಪಾಟ.

ಆದ್ದರಿಂದ ಕೋಣೆಗೆ ಎರಡು ತೂತು ಬೇಕೇಬೇಕು: ಅತಿ ತಗ್ಗಿನಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ ಸಿಕ್ಕಿಸುವ ಮೂತಿ), ಅತಿ ಎತ್ತರದಲ್ಲಿ ಬಿರಡೆ. ಒಂದೇ ನಿಪ್ಪಲ್ ಇಟ್ಟು ‘ಸಾಕು’ ಎನ್ನುವವರ ಮಾತು ಕೇಳಬೇಡಿ. ಬಿರಡೆ ತೆಗೆದು ಆ ಜಾಗಕ್ಕೆ ಪಾರದರ್ಶಕ ನಳಿಕೆ ಸಿಕ್ಕಿಸಿ. ಗ್ರೀಸ್ ಡಬ್ಬಿಯನ್ನು ಒಂದು ಗಂಟೆ ಬಿಸಿಲಿಗಿಟ್ಟರೆ ಸರಾಗವಾಗಿ ಹರಿಯುತ್ತದೆ. ಗ್ರೀಸ್ ಗನ್ನಿನ ಮೊದಲ ಕೆಲವು ಒತ್ತನ್ನು ಕಾಗದದ ಮೇಲೆ ಬಿಟ್ಟು ಗನ್ನಿನೊಳಗಿನ ಗಾಳಿ ಕಳೆಯಿರಿ. ಆಮೇಲೆ ನಿಧಾನವಾಗಿ ಒತ್ತುತ್ತ, ಇನ್ನೊಂದು ಕೈಯಲ್ಲಿ ಶಾಫ್ಟ್ ತಿರುಗಿಸುತ್ತಿರಿ. ಒಂದೊತ್ತಿಗೆ ಸುಮಾರು 1 ಮಿ.ಲೀ. ಹೋಗುತ್ತದೆ, ಹಾಗಾಗಿ 60 ಮಿ.ಲೀ. ಕೋಣೆಯಲ್ಲಿ 60 ಒತ್ತಿಗೆ ಮೊದಲೇ ನಳಿಕೆಯಲ್ಲಿ ಗ್ರೀಸ್ ಕಂಡರೆ ಒಳಗೆಲ್ಲೋ ಗಾಳಿ ಕೂತಿದೆ ಎಂದೇ ಅರ್ಥ. ಗುಳ್ಳೆ ಬರುವುದು ಪೂರ್ತಿ ನಿಂತು, ಒಂದೇ ಬಣ್ಣದ ಗ್ರೀಸ್ ಎರಡು ಬೆರಳುದ್ದ ಏರುವವರೆಗೆ ನಿಲ್ಲಿಸಬೇಡಿ. ಬಿರಡೆ ಹಾಕಿದ ಮೇಲೆ ಗನ್ ಮುಟ್ಟಲೇಬೇಡಿ. ಕೈಗನ್ ನೂರಾರು ಬಾರ್ ಒತ್ತಡ ಕೊಡಬಲ್ಲದು.

ಕೋಣೆಗೆ ಒತ್ತಡ ಸರಿದೂಗಿಸುವ ಪಿಸ್ಟನ್ನೂ ಇರಲಿ. 25 ಮಿ.ಮೀ. ವ್ಯಾಸದ ಪುಟ್ಟ ಸಿಲಿಂಡರ್, ಒಂದು ಬದಿ ಸಮುದ್ರಕ್ಕೆ ತೆರೆದದ್ದು, ಇನ್ನೊಂದು ಬದಿ ಗ್ರೀಸಿಗೆ. ನೀರಿನ ಬದಿಯಲ್ಲಿ 1 ಕೆ.ಜಿ. ಒತ್ತುವ ಸ್ಪ್ರಿಂಗ್ ಇಟ್ಟರೆ ಗ್ರೀಸ್ ಹೊರಗಿನ ನೀರಿಗಿಂತ ಸದಾ 0.2 ಬಾರ್ ಮುಂದಿರುತ್ತದೆ. ಆಯಿಲ್ ಸೀಲಿಗೆ ಆಳದ ಭಾರ ತಟ್ಟುವುದೇ ಇಲ್ಲ, ಅದನ್ನೆಲ್ಲ ಗ್ಲ್ಯಾಂಡ್ ಹೊರುತ್ತದೆ.

ಚುಕ್ಕಾಣಿ ಮತ್ತು ಏರಿಳಿವಿನ ರೆಕ್ಕೆಗಳ ಕೀಲಿಗೆ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿ, 0.2 ಮಿ.ಮೀ. ಸಡಿಲ ಬಿಡಿ, ಗ್ರೀಸ್ ಬೇಡ. ನೈಲಾನ್ ನೀರು ಕುಡಿದು ಊದಿಕೊಂಡು ಶಾಫ್ಟನ್ನು ಹಿಡಿದುಬಿಡುತ್ತದೆ. ಮುಚ್ಚಳದ ನೈಟ್ರೈಲ್ ಓ-ರಿಂಗಿಗೆ (ಸೋರಿಕೆ ತಡೆಯುವ ರಬ್ಬರ್ ಬಳೆಗೆ) ಸಿಲಿಕಾನ್ ಗ್ರೀಸನ್ನು ಬೆರಳಲ್ಲಿ ತೆಳುವಾಗಿ ಸವರಿ, ಹೊಳಪು ಕಂಡರೆ ಸಾಕು. ದಪ್ಪ ಬಳಿದರೆ ಮರಳು ಅಂಟುತ್ತದೆ. ಓ-ರಿಂಗೇ ಸಿಲಿಕಾನ್ ರಬ್ಬರಿನದಾದರೆ ಸಿಲಿಕಾನ್ ಗ್ರೀಸ್ ಅದನ್ನು ಉಬ್ಬಿಸುತ್ತದೆ.

ಆಮ್ಲಜನಕದ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್‌ಗಳ ಹತ್ತಿರ ಈ ಯಾವ ಗ್ರೀಸೂ ಸುಳಿಯಬಾರದು. ಒತ್ತಡದ ಆಮ್ಲಜನಕ ತಾಗಿದರೆ ಎಣ್ಣೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಗ್ರೀಸ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಆ ಕಡೆ ಹೋಗಬೇಡಿ. ಅಲ್ಲಿ ಆಮ್ಲಜನಕಕ್ಕೆಂದೇ ಮಾಡಿದ ಫ್ಲೋರಿನ್ ಆಧಾರಿತ ಗ್ರೀಸ್ ಮಾತ್ರ.

ಪ್ರತಿ ಮುಳುಗಿನ ನಂತರ ಸಿಹಿನೀರಿನಲ್ಲಿ ತೊಳೆದು, ಮೇಲಿನ ಬಿರಡೆ ತೆಗೆದು, ಎರಡು ಮೂರು ಒತ್ತು ಗ್ರೀಸ್ ಹಾಕಿ ಹೊರಬಂದದ್ದನ್ನು ನೋಡಿ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಂಥ ಕೋಣೆಯನ್ನು ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿಯೇ ಮುಂದಿನ ಮುಳುಗು. ಶಾಫ್ಟಿನ ಬದಲು ತಾನು ಕರಗಲೆಂದು ಅದರ ಬಳಿ ಕಟ್ಟಿದ ಸತುವಿನ ತುಂಡು ಅರ್ಧ ಕರಗಿದಾಗ ಬದಲಿಸಿ, ಅದಕ್ಕೆ ಬಣ್ಣ ಮಾತ್ರ ಬಳಿಯಬೇಡಿ. ಕೆರೆಯಲ್ಲೋ ಹೊಳೆಯಲ್ಲೋ ಓಡಿಸುವುದಾದರೆ ಸತು ಕೆಲಸ ಮಾಡದು, ಮೆಗ್ನೀಸಿಯಂ ಬೇಕು.