ಒಂದೇ ಫೋನು, ಮೂರು ಬ್ಲೂಟೂತ್: ಕಾಲ್ ಬೇಕಾದ ಕಿವಿಗೇ ಬರುವಂತೆ ಮಾಡುವುದು ಹೇಗೆ?

ಹಾಸನದಲ್ಲಿ ಅಕ್ಕನ ಮನೆಯಲ್ಲಿ ನಡೆದದ್ದು. ಬೆಳಿಗ್ಗೆ ಎಂಟೂವರೆ. ಭಾವ ಹಾಲ್‌ನಲ್ಲಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು, ಕೊರಳಲ್ಲಿ ನೆಕ್‌ಬ್ಯಾಂಡ್ ಇತ್ತು. ಮಕ್ಕಳನ್ನು ಸ್ಕೂಲಿಗೆ ಬಿಡಲು ಅಕ್ಕ ಗೇಟಿನ ಒಳಗೇ ಕಾರ್ ಸ್ಟಾರ್ಟ್ ಮಾಡಿದಳು. ಅದೇ ಹೊತ್ತಿಗೆ ಭಾವನ ಫೋನಿಗೆ ಆಸ್ಪತ್ರೆಯಿಂದ ಕಾಲ್ ಬಂತು. ಅಪ್ಪನ ರಕ್ತಪರೀಕ್ಷೆಯ ವಿಷಯ. ಭಾವ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಫೋನಿನ ಪರದೆಯ ಮೇಲೆ ಬೆರಳು ಎಳೆದು ಕಾಲ್ ತೆಗೆದುಕೊಂಡರು. ಕಿವಿಗೆ ಏನೂ ಕೇಳಲಿಲ್ಲ. ‘ಹಲೋ, ಹಲೋ’ ಅಂತ ಕೂಗಿದ್ದೇ ಕೂಗಿದ್ದು. ನರ್ಸ್ ಹೇಳುತ್ತಿದ್ದ ಮಾತೆಲ್ಲ ಕಾರಿನ ಸ್ಪೀಕರಿನಲ್ಲಿ, ಮಕ್ಕಳ ಮುಂದೆ ಬರುತ್ತಿತ್ತು.

ಆಮೇಲೆ ಭಾವ ಮಾಡಿದ್ದನ್ನೇ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸಿಟ್ಟಿನಲ್ಲಿ ಬ್ಲೂಟೂತ್ ಪಟ್ಟಿಯಲ್ಲಿದ್ದ ಎಲ್ಲವನ್ನೂ ಅಳಿಸಿಬಿಟ್ಟರು. ಸಂಜೆ ನೆಕ್‌ಬ್ಯಾಂಡೂ ಸೇರಲಿಲ್ಲ, ಕಾರೂ ಸೇರಲಿಲ್ಲ. ‘ಇದೆಲ್ಲ ಸರಿ ಹೋಗಲ್ಲ ಬಿಡು’ ಅಂದುಬಿಟ್ಟರು. ಸರಿ ಹೋಗುತ್ತದೆ. ಅರ್ಧ ಗಂಟೆ ಕೂತು ಒಮ್ಮೆ ಮಾಡಿದರೆ ಸಾಕು.

ಮೊದಲು ಒಂದು ಮಾತು ತಿಳಿದಿರಲಿ. ‘ಪೇರ್’ ಬೇರೆ, ‘ಕನೆಕ್ಟ್’ ಬೇರೆ. ಪೇರ್ ಮಾಡಿದಾಗ ಫೋನು ಮತ್ತು ನೆಕ್‌ಬ್ಯಾಂಡ್ ಒಂದು ಗುಟ್ಟಿನ ಕೀಯನ್ನು ಎರಡೂ ಕಡೆ ಉಳಿಸಿಕೊಳ್ಳುತ್ತವೆ. ಇದು ಒಂದೇ ಸಲದ ಕೆಲಸ. ಕನೆಕ್ಟ್ ಅಂದರೆ ಈ ಕ್ಷಣಕ್ಕೆ ಎರಡೂ ಸೇರಿಕೊಂಡಿವೆ ಅಂತ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಒಂದೇ ಸಲಕ್ಕೆ ಐದು ಬ್ಲೂಟೂತ್ ಆಡಿಯೊ ಸಾಧನಗಳನ್ನು ಫೋನಿಗೆ ಕನೆಕ್ಟ್ ಮಾಡಿಡಬಹುದು. ಆದರೆ ಕಾಲ್‌ನ ದನಿ ಹೋಗುವುದು ಅವುಗಳಲ್ಲಿ ಒಂದಕ್ಕೆ ಮಾತ್ರ. ಆ ಒಂದು ಯಾವುದು ಅಂತ ನೀವು ಹೇಳದಿದ್ದರೆ ಫೋನೇ ತೀರ್ಮಾನ ಮಾಡುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಆ ತೀರ್ಮಾನ ತೀರಾ ಸರಳ: ಕೊನೆಗೆ ಬಂದು ಸೇರಿದ್ದು ಯಾವುದೋ ಅದಕ್ಕೆ. ಆವತ್ತು ಕೊನೆಗೆ ಬಂದು ಸೇರಿದ್ದು ಕಾರ್.

ಹಂತ 1: ಹಳೆಯದನ್ನು ಅಳಿಸಿ, ಎರಡೂ ಕಡೆ ಅಳಿಸಿ

ಫೋನಿನ ಬ್ಲೂಟೂತ್ ಪಟ್ಟಿ ತೆರೆಯಿರಿ. ಕಳೆದುಹೋದ ಇಯರ್‌ಬಡ್, ಮಾರಿದ ಕಾರು, ಮದುವೆಮನೆಯಲ್ಲಿ ಹಾಡು ಹಾಕಲು ಜೋಡಿಸಿದ್ದ ಸ್ಪೀಕರ್, ಎಲ್ಲ ತೆಗೆಯಿರಿ. ಇನ್ನೂ ಬಳಸುವ ಸಾಧನವನ್ನು ಮಾತ್ರ ಸುಮ್ನೆ ಅಳಿಸಬೇಡಿ. ಅಳಿಸಲೇಬೇಕಾದರೆ ಆ ಕಡೆಯಿಂದಲೂ ಅಳಿಸಬೇಕು. ಭಾವನ ಕಾರು ಸಂಜೆ ಸೇರದೇ ಇದ್ದದ್ದು ಇದೇ ಕಾರಣಕ್ಕೆ. ಫೋನ್ ಕಾರನ್ನು ಮರೆತಿತ್ತು, ಕಾರ್ ಮಾತ್ರ ಹಳೆಯ ಕೀಯನ್ನೇ ಹಿಡಿದುಕೊಂಡು ಕೂತಿತ್ತು. ಕಾರಿನ ಪರದೆಯಲ್ಲಿ ಫೋನ್‌ಗಳ ಪಟ್ಟಿಗೆ ಹೋಗಿ ಅಲ್ಲಿದ್ದ ಭಾವನ ಹೆಸರು ತೆಗೆದ ಮೇಲೆ ಒಂದೇ ಸಲಕ್ಕೆ ಸೇರಿತು.

ಕಾರಿನ ಪಟ್ಟಿಗೂ ಮಿತಿ ಇರುತ್ತದೆ. ಐದು ಫೋನ್ ಆದ ಮೇಲೆ ಆರನೆಯದನ್ನು ಸೇರಿಸಿಕೊಳ್ಳದ ಕಾರ್‌ಗಳಿವೆ. ನೆಂಟರ ಫೋನ್, ಡ್ರೈವರ್ ಫೋನ್, ಮೆಕ್ಯಾನಿಕ್ ಫೋನ್ ಎಲ್ಲ ಅಲ್ಲೇ ಇರುತ್ತವೆ, ನೋಡಿ.

ಹಂತ 2: ಒಂದೊಂದಾಗಿ ಪೇರ್ ಮಾಡಿ

ಒಂದನ್ನು ಪೇರ್ ಮಾಡುವಾಗ ಉಳಿದವು ಆಫ್ ಆಗಿರಲಿ. ನೆಕ್‌ಬ್ಯಾಂಡಿನ ಬಟನ್ನನ್ನು ದೀಪ ಕೆಂಪು–ನೀಲಿ ಮಿನುಗುವ ತನಕ ಒತ್ತಿ ಹಿಡಿಯಿರಿ. ಆನ್ ಆದ ತಕ್ಷಣ ಬೆರಳು ಬಿಡುವುದೇ ಎಲ್ಲರೂ ಮಾಡುವ ತಪ್ಪು. ಆನ್ ಆದ ಮೇಲೂ ಹಿಡಿದೇ ಇರಬೇಕು. ಹಳೆಯ ಸಾಧನ ನಂಬರ್ ಕೇಳಿದರೆ 0000 ಅಥವಾ 1234 ಹಾಕಿ ನೋಡಿ.

ಪೇರ್ ಆಗುವಾಗ ‘ಕಾಂಟ್ಯಾಕ್ಟ್ಸ್ ಕೊಡಲೇ?’ ಅಂತ ಫೋನ್ ಕೇಳುತ್ತದೆ. ನಿಮ್ಮದೇ ಕಾರಾದರೆ ಹೂಂ ಅನ್ನಿ, ಕಾಲ್ ಮಾಡಿದವರ ಹೆಸರು ಪರದೆಯಲ್ಲಿ ಕಾಣುತ್ತದೆ. ಬಾಡಿಗೆ ಕಾರು, ಗೆಳೆಯರ ಕಾರಾದರೆ ಬೇಡ. ನಿಮ್ಮ ಇಡೀ ಫೋನ್‌ಬುಕ್ ಆ ಕಾರಿನಲ್ಲಿ ಉಳಿದುಬಿಡಬಹುದು.

ಹಂತ 3: ಹೆಸರಿಡಿ

ಆಂಡ್ರಾಯ್ಡ್‌ನಲ್ಲಿ ಸಾಧನದ ಹೆಸರಿನ ಪಕ್ಕ ಇರುವ ಹಲ್ಲುಚಕ್ರದ ಗುರುತು ಒತ್ತಿ, ‘ಕಾರ್’, ‘ಕೊರಳು’, ‘ಆಫೀಸ್’ ಅಂತ ನಿಮಗೆ ಗೊತ್ತಾಗುವ ಹೆಸರು ಬರೆಯಿರಿ. ಐಫೋನಿನಲ್ಲಿ ಎಲ್ಲ ಸಾಧನಗಳಿಗೂ ಈ ಸೌಲಭ್ಯ ಸಿಗುವುದಿಲ್ಲ.

ಹಂತ 4: ಕಾಲ್ ಯಾವುದಕ್ಕೆ, ಹಾಡು ಯಾವುದಕ್ಕೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಎಡವುವುದೆಲ್ಲ ಇಲ್ಲೇ.

ನಮಗೆ ಬ್ಲೂಟೂತ್ ಅಂದರೆ ಒಂದೇ ದಾರಿ ಅಂತ ಅನಿಸುತ್ತದೆ. ಫೋನಿನ ಒಳಗೆ ಹಾಗಿಲ್ಲ. ಕಾಲ್‌ಗೆ ಒಂದು ದಾರಿ, ಹಾಡು–ವಿಡಿಯೊಗೆ ಇನ್ನೊಂದು ದಾರಿ, ಕಾಂಟ್ಯಾಕ್ಟ್ಸ್‌ಗೆ ಮತ್ತೊಂದು. ಕಾಲ್‌ಗೆ ಎರಡೂ ಕಡೆಯ ದನಿ ಬೇಕು, ಮೈಕ್ ಕೆಲಸ ಮಾಡಬೇಕು. ಹಾಡಿಗೆ ಒಂದೇ ಕಡೆಯ ದನಿ ಸಾಕು. ಅದಕ್ಕೇ ಈ ದಾರಿಗಳು ಬೇರೆ ಬೇರೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಬ್ಲೂಟೂತ್, ಅಲ್ಲಿ ಆ ಸಾಧನದ ಹಲ್ಲುಚಕ್ರ ಒತ್ತಿ. ‘ಫೋನ್ ಕಾಲ್ಸ್’, ‘ಮೀಡಿಯಾ ಆಡಿಯೊ’ ಅಂತ ಬೇರೆ ಬೇರೆ ಸ್ವಿಚ್‌ಗಳು ಕಾಣುತ್ತವೆ. ಕಂಪನಿಯಿಂದ ಕಂಪನಿಗೆ ಪದ ಸ್ವಲ್ಪ ಬದಲಾಗಬಹುದು, ಫೋನ್ ಭಾಷೆ ಕನ್ನಡದಲ್ಲಿದ್ದರೆ ‘ಕರೆಗಳು’ ಅಂತ ಇರಬಹುದು. ಇದೇ ನಮಗೆ ಬೇಕಾದ ಜಾಗ. ಇಷ್ಟು ವರ್ಷ ಫೋನ್ ಬಳಸಿಯೂ ಈ ಪುಟವನ್ನು ಒಮ್ಮೆಯೂ ತೆರೆಯದವರೇ ಜಾಸ್ತಿ.

ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ಸಾಧನಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ‘ಇದರಲ್ಲಿ ನಾನು ಮಾತಾಡುತ್ತೇನಾ?’ ಅಂತ ಕೇಳಿಕೊಳ್ಳಿ. ಮನೆಯ ಸ್ಪೀಕರಿನಲ್ಲಿ ನೀವು ಮಾತಾಡುವುದಿಲ್ಲ, ಹಾಡು ಮಾತ್ರ ಕೇಳುತ್ತೀರಿ. ಹಾಗಾದರೆ ಅದರ ಕಾಲ್ಸ್ ಸ್ವಿಚ್ ಆಫ್. ಇನ್ನು ಮುಂದೆ ಅಡುಗೆಮನೆಯಲ್ಲಿ ಹಾಡು ಬರುತ್ತಿದ್ದಾಗ ಬ್ಯಾಂಕಿನವರ ಕಾಲ್ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳುವುದಿಲ್ಲ. ಒಂದೇ ಕಿವಿಯ ಹ್ಯಾಂಡ್ಸ್‌ಫ್ರೀ ಇದ್ದರೆ ಅದಕ್ಕೆ ಕಾಲ್ ಮಾತ್ರ ಕೊಡಿ, ಮೀಡಿಯಾ ಬೇಡ. ಟಿವಿ ಸೌಂಡ್‌ಬಾರ್‌ಗೂ ಕಾಲ್ ಬೇಡ. ಕೊನೆಗೆ ಕಾಲ್ಸ್ ಆನ್ ಇರುವ ಸಾಧನ ಎರಡಕ್ಕಿಂತ ಜಾಸ್ತಿ ಉಳಿಯಬಾರದು. ನನ್ನ ಫೋನಿನಲ್ಲಿ ಹೀಗೇ ಇದೆ, ನಿಮಗೂ ಹೀಗೇ ಇರಲಿ.

ಆಂಡ್ರಾಯ್ಡ್ ಆಟೊ, ಅಂದರೆ ಫೋನಿನ ಮ್ಯಾಪ್, ಹಾಡನ್ನು ಕಾರಿನ ಪರದೆಗೆ ತರುವ ಸೌಲಭ್ಯ, ಬಳಸುವವರಿಗೆ ಒಂದು ಎಚ್ಚರಿಕೆ. ಕಾರಿನ ಕಾಲ್ಸ್ ಸ್ವಿಚ್ ಆಫ್ ಮಾಡಬೇಡಿ. ಅದರಲ್ಲಿ ಕಾಲ್ ಹೋಗುವುದೇ ಬ್ಲೂಟೂತ್ ದಾರಿಯಲ್ಲಿ. ಮ್ಯಾಪ್ ವೈರಿನಲ್ಲಿ ಬರುತ್ತಿದ್ದರೂ ಕಾಲ್‌ಗೆ ಬ್ಲೂಟೂತ್ ಬೇಕು.

ಐಫೋನಿನಲ್ಲಿ ಈ ಎರಡು ಸ್ವಿಚ್‌ಗಳಿಲ್ಲ. ಅಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ, ‘ಟಚ್’ ಒಳಗೆ ‘ಕಾಲ್ ಆಡಿಯೊ ರೂಟಿಂಗ್’ ನೋಡಿ. ಯಾವಾಗಲೋ ಅದನ್ನು ‘ಬ್ಲೂಟೂತ್ ಹೆಡ್‌ಸೆಟ್’ ಅಂತಲೋ ‘ಸ್ಪೀಕರ್’ ಅಂತಲೋ ಬದಲಿಸಿದ್ದರೆ ‘ಆಟೋಮ್ಯಾಟಿಕ್’ಗೆ ವಾಪಸ್ ತನ್ನಿ. ಬೇಡದ ಕಡೆ ಕಾಲ್ ಹೋಗುವುದು ಕಾರಿನಿಂದಲೇ ಆಗುತ್ತಿದ್ದರೆ ಕಾರಿನ ಪರದೆಯಲ್ಲೇ ಸರಿಪಡಿಸಬೇಕು. ತುಂಬಾ ಕಾರ್‌ಗಳಲ್ಲಿ ಪ್ರತಿ ಫೋನಿನ ಮುಂದೆ ‘ಫೋನ್’, ‘ಆಡಿಯೊ’ ಅಂತ ಬೇರೆ ಬೇರೆ ಆಯ್ಕೆ ಇರುತ್ತದೆ.

ಈಗ ಅಕ್ಕನ ಕಾರಿಗೆ ಬರೋಣ. ಅದರ ಕೀಲಿ ತಿರುಗಿಸಿದ್ದು ಅಕ್ಕ. ಹಾಗಿದ್ದರೂ ಅದು ಭಾವನ ಫೋನನ್ನು ಯಾಕೆ ಹಿಡಿಯಿತು? ನಾನೂ ಮೊದಲು ಭಾವನ ಫೋನಿನಲ್ಲೇ ತಪ್ಪು ಹುಡುಕಿದೆ. ತಪ್ಪು ಇದ್ದದ್ದು ಅಕ್ಕನ ಕೈಚೀಲದಲ್ಲಿ. ಬ್ಯಾಟರಿ ಉಳಿಯಲಿ ಅಂತ ಅವಳು ಯಾವಾಗಲೂ ಬ್ಲೂಟೂತ್ ಆಫ್ ಮಾಡಿಡುತ್ತಾಳೆ. ಕಾರ್ ಆನ್ ಆದ ಕೂಡಲೇ ತನಗೆ ಗೊತ್ತಿರುವ ಫೋನ್‌ಗಳನ್ನು ತಾನೇ ಒಂದೊಂದಾಗಿ ಕರೆಯುತ್ತದೆ. ಅಕ್ಕನ ಫೋನ್ ಉತ್ತರ ಕೊಡಲಿಲ್ಲ. ಸುಮಾರು ಹತ್ತು ಮೀಟರ್ ಒಳಗೆ, ಒಂದೇ ಗೋಡೆಯ ಆಚೆ ಭಾವನ ಫೋನ್ ಇತ್ತು. ಅದು ಉತ್ತರ ಕೊಟ್ಟಿತು. ಹುಡುಕಿಕೊಂಡು ಬರುವುದು ಹೆಚ್ಚಾಗಿ ಸಾಧನವೇ ಹೊರತು ಫೋನಲ್ಲ. ಇಷ್ಟು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ.

ಪರಿಹಾರ ಎರಡು ನಿಮಿಷದ್ದು. ಅಕ್ಕನ ಫೋನಿನಲ್ಲಿ ಬ್ಲೂಟೂತ್ ಸದಾ ಆನ್. ಸುಮ್ಮನಿರುವ ಬ್ಲೂಟೂತ್ ತಿನ್ನುವ ಬ್ಯಾಟರಿ ತೀರಾ ಕಡಿಮೆ, ಪರದೆ ಬೆಳಗುವುದರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆಮೇಲೆ ಕಾರಿನ ಪಟ್ಟಿಯಲ್ಲಿ ಅಕ್ಕನ ಫೋನಿಗೆ ಮೊದಲ ಸ್ಥಾನ. ಕೆಲವು ಕಾರ್‌ಗಳಲ್ಲಿ ಇದನ್ನು ‘ಪ್ರಯಾರಿಟಿ’ ಅಂತಲೂ ಕೆಲವದರಲ್ಲಿ ನಕ್ಷತ್ರದ ಗುರುತಿನಲ್ಲೂ ಕೊಟ್ಟಿರುತ್ತಾರೆ. ಇಬ್ಬರು ಓಡಿಸುವ ಕಾರಿಗೆ ಇದು ಬೇಕೇ ಬೇಕು.

ಹಂತ 5: ಕಾಲ್ ಎತ್ತುವ ರೀತಿ ಬದಲಿಸಿ

ಕಿವಿಯಲ್ಲಿ ಹ್ಯಾಂಡ್ಸ್‌ಫ್ರೀ ಇದ್ದರೆ ಫೋನಿನ ಪರದೆ ಮುಟ್ಟಬೇಡಿ. ಹ್ಯಾಂಡ್ಸ್‌ಫ್ರೀ ಬಟನ್ನನ್ನೇ ಒತ್ತಿ. ಎರಡು–ಮೂರು ಸಾಧನ ಸೇರಿಕೊಂಡಿದ್ದಾಗ ಯಾವುದರ ಬಟನ್ ಒತ್ತುತ್ತೀರೋ ಕಾಲ್ ಸಾಮಾನ್ಯವಾಗಿ ಅದಕ್ಕೇ ಹೋಗುತ್ತದೆ. ಆವತ್ತು ಭಾವ ನೆಕ್‌ಬ್ಯಾಂಡಿನ ಬಟನ್ ಒತ್ತಿದ್ದರೆ ನರ್ಸ್ ಮಾತು ಅವರ ಕಿವಿಗೇ ಬರುತ್ತಿತ್ತು.

ಕಾಲ್ ತಪ್ಪು ಜಾಗಕ್ಕೆ ಹೋಯಿತು ಅನ್ನಿ. ಕಟ್ ಮಾಡಬೇಡಿ. ಕಾಲ್ ಪರದೆಯಲ್ಲಿ ‘ಸ್ಪೀಕರ್’ ಇರುವ ಜಾಗದಲ್ಲೇ ‘ಬ್ಲೂಟೂತ್’ ಅಥವಾ ‘ಆಡಿಯೊ’ ಅಂತ ಬಟನ್ ಇರುತ್ತದೆ. ಒತ್ತಿದರೆ ಪುಟ್ಟ ಪಟ್ಟಿ ತೆರೆಯುತ್ತದೆ: ಫೋನು, ಸ್ಪೀಕರು, ಮತ್ತೆ ಕನೆಕ್ಟ್ ಆಗಿರುವ ಬ್ಲೂಟೂತ್‌ಗಳ ಹೆಸರು. ಬೇಕಾದ್ದನ್ನು ಮುಟ್ಟಿ. ಒಂದೆರಡು ಸೆಕೆಂಡ್ ದನಿ ನಿಂತು ಆ ಕಡೆ ಬರುತ್ತದೆ. ಆ ಎರಡು ಸೆಕೆಂಡಿಗೆ ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ, ಕಾಯಿರಿ. ಹಂತ 3ರಲ್ಲಿ ಹೆಸರಿಡಿ ಅಂದದ್ದು ಈ ಪಟ್ಟಿಗಾಗಿಯೇ. ಮೂರೂ ಸಾಧನ ಒಂದೇ ತರಹದ ಇಂಗ್ಲಿಷ್ ಅಕ್ಷರ, ನಂಬರ್‌ನಲ್ಲಿ ಕಂಡರೆ ಅವಸರದಲ್ಲಿ ಯಾವುದು ಅಂತ ಹುಡುಕುತ್ತೀರಿ?

ಎರಡು ಇಯರ್‌ಬಡ್ ಜೋಡಿಗೆ ಒಟ್ಟಿಗೇ ದನಿ ಕಳಿಸುವ ಸೌಲಭ್ಯ ಕೆಲವು ಫೋನ್‌ಗಳಲ್ಲಿದೆ. ಗಂಡ–ಹೆಂಡತಿ ಒಟ್ಟಿಗೆ ಸಿನಿಮಾ ನೋಡಲು ಅದು ಚೆನ್ನಾಗಿದೆ. ಆದರೆ ಅದು ಹಾಡು, ವಿಡಿಯೊಗಳಿಗೆ. ಮಗಳ ಕಾಲನ್ನು ಇಬ್ಬರೂ ಕೇಳಬೇಕು ಅಂದರೆ ಫೋನಿನ ಸ್ಪೀಕರ್ ಆನ್ ಮಾಡಿ ಮಧ್ಯದಲ್ಲಿಡಿ. ಅದೇ ಒಳ್ಳೆಯದು.

ಇನ್ನು ‘ಮಲ್ಟಿಪಾಯಿಂಟ್’. ಇದು ಉಲ್ಟಾ ವಿಷಯ: ಒಂದು ಹೆಡ್‌ಸೆಟ್ ಎರಡು ಫೋನ್‌ಗಳಿಗೆ ಸೇರುವುದು. ಆಫೀಸ್ ಫೋನು, ಸ್ವಂತ ಫೋನು ಎರಡೂ ಇರುವವರಿಗೆ ಅನುಕೂಲ. ಒಂದೇ ಫೋನ್ ಇದ್ದವರು ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಹೆಡ್‌ಸೆಟ್ ನಿಮ್ಮ ಲ್ಯಾಪ್‌ಟಾಪನ್ನೂ ಹಿಡಿದುಕೊಂಡು, ಅದರಲ್ಲಿ ಒಂದು ಮೆಸೇಜ್ ‘ಟಣ್’ ಅಂದರೂ ಆ ಕಡೆ ಓಡುತ್ತದೆ.

ಕೊಳ್ಳುವಾಗಲೂ ಸ್ವಲ್ಪ ನೋಡಿ. ಹಳೆಯ ಕಾರಿಗೆ ಅಂತ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಎಫ್‌ಎಂ ಟ್ರಾನ್ಸ್‌ಮಿಟರ್ ತರಬೇಡಿ. ಮೈಕ್ ಗೇರಿನ ಹತ್ತಿರ, ನಿಮ್ಮ ಬಾಯಿಯಿಂದ ಅಷ್ಟು ದೂರ. ಆ ಕಡೆಯವರಿಗೆ ಎಂಜಿನ್ ಸದ್ದು, ತಮ್ಮದೇ ಮಾತಿನ ಪ್ರತಿಧ್ವನಿ, ಎರಡೇ ಕೇಳುವುದು. ‘ಬ್ಲೂಟೂತ್ ಮ್ಯಾನೇಜರ್’ ಅಂತ ಸಿಗುವ ಆ್ಯಪ್‌ಗಳೂ ಬೇಡ. ಫೋನಿನಲ್ಲೇ ಇರುವ ಎರಡು ಸ್ವಿಚ್‌ಗೋಸ್ಕರ ಕಾಂಟ್ಯಾಕ್ಟ್ಸ್, ಲೊಕೇಶನ್ ಎಲ್ಲ ಯಾರಿಗೋ ಕೊಡುವುದು ಯಾಕೆ? ಕಾಲ್ ಜಾಸ್ತಿ ಮಾಡುವವರು ನೆಕ್‌ಬ್ಯಾಂಡ್ ತಗೊಳ್ಳಿ. ಕಿವಿಯಿಂದ ಜಾರಿದರೂ ಕೊರಳಲ್ಲೇ ಇರುತ್ತದೆ. ಬಸ್ ಇಳಿಯುವಾಗ ಇಯರ್‌ಬಡ್ ಚರಂಡಿಗೆ ಬಿದ್ದರೆ ಹೋಯಿತು.

ಹಿಯರಿಂಗ್ ಏಡ್ ಹಾಕಿಕೊಳ್ಳುವ ಹಿರಿಯರ ಫೋನಿಗೆ ದಯವಿಟ್ಟು ಬೇರೆ ಏನನ್ನೂ ಪೇರ್ ಮಾಡಬೇಡಿ. ನಿಮ್ಮ ಕಾರನ್ನೂ ಬೇಡ. ಅವರಿಗೆ ಫೋನ್ ಬಂದಾಗ ದನಿ ಹಿಯರಿಂಗ್ ಏಡ್‌ಗೇ ಬರಬೇಕು. ಇನ್ನೊಂದು ವಿಷಯವನ್ನು ಅವರಿಗೆ ಪಕ್ಕದಲ್ಲಿ ಕೂತು ತೋರಿಸಿಕೊಡಿ. ಹಲವು ಹಿಯರಿಂಗ್ ಏಡ್‌ಗಳಲ್ಲಿ ಆ ಕಡೆಯ ಮಾತು ಕಿವಿಗೆ ಬರುತ್ತದೆ, ಆದರೆ ಇವರ ಮಾತು ಹೋಗುವುದು ಫೋನಿನ ಮೈಕಿನಿಂದಲೇ. ನಮ್ಮಪ್ಪ ಫೋನನ್ನು ಟೇಬಲ್ ಮೇಲೇ ಬಿಟ್ಟು ಕಿಟಕಿ ಹತ್ತಿರ ನಿಂತು ಮಾತಾಡುತ್ತಿದ್ದರು. ಅವರಿಗೆ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಕಡೆಯವರಿಗೆ ಏನೂ ಕೇಳದೆ ಕಾಲ್ ಕಟ್ ಮಾಡುತ್ತಿದ್ದರು. ‘ಯಾರೂ ನನ್ನ ಹತ್ತಿರ ಮಾತಾಡಲ್ಲ’ ಅಂತ ಅಪ್ಪ ಬೇಜಾರು ಮಾಡಿಕೊಂಡಿದ್ದರು. ಈಗ ಫೋನ್ ಅಂಗಿಯ ಜೇಬಿನಲ್ಲಿರುತ್ತದೆ, ಮೈಕ್ ಮೇಲಕ್ಕೆ ಬರುವ ಹಾಗೆ ತಲೆಕೆಳಗಾಗಿ.

ರಸ್ತೆಯ ಮಾತೂ ಹೇಳಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ, ಗಾಡಿ ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿದು ಬಳಸುವುದೂ ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಸೇರಿದೆ. ಮೊದಲ ತಪ್ಪಿಗೆ 1000ದಿಂದ 5000 ರೂಪಾಯಿ ತನಕ ದಂಡ ಅಂತ ಕಾಯ್ದೆ ಹೇಳುತ್ತದೆ, ಜೈಲು ಶಿಕ್ಷೆಗೂ ಅವಕಾಶವಿದೆ. ಮೇಲೆ ಹೇಳಿದ ‘ಕಾಲ್ ಬದಲಿಸುವ’ ಪಟ್ಟಿಯನ್ನು ಸ್ಟೀರಿಂಗ್ ಹಿಡಿದುಕೊಂಡು ಹುಡುಕಬೇಡಿ. ಪಕ್ಕಕ್ಕೆ ನಿಲ್ಲಿಸಿ. ಸ್ಕೂಟರಿನಲ್ಲಂತೂ ಹೆಲ್ಮೆಟ್ ಒಳಗೆ ಎರಡೂ ಕಿವಿಗೆ ಇಯರ್‌ಬಡ್ ಹಾಕಲೇಬೇಡಿ. ಹಿಂದಿನಿಂದ ಬರುವ ಬಸ್ಸಿನ ಹಾರ್ನ್ ನಿಮಗೆ ಕೇಳಬೇಕು.

ಹಂತ 6: ಪರೀಕ್ಷೆ ಮಾಡಿ

ಎಲ್ಲ ಆದ ಮೇಲೆ ಮನೆಯವರ ಫೋನಿನಿಂದ ನಿಮಗೆ ಮೂರು ಸಲ ಕಾಲ್ ಮಾಡಿಸಿ. ಒಮ್ಮೆ ನೆಕ್‌ಬ್ಯಾಂಡ್ ಮಾತ್ರ ಆನ್ ಇದ್ದಾಗ. ಒಮ್ಮೆ ಕಾರ್ ಮಾತ್ರ ಇದ್ದಾಗ. ಒಮ್ಮೆ ಎರಡೂ ಆನ್ ಇದ್ದು, ಕಾರ್ ಕೊನೆಗೆ ಸೇರಿದಾಗ. ಮೂರನೆಯದೇ ನಿಜವಾದ ಪರೀಕ್ಷೆ. ಅದರಲ್ಲಿ ನೆಕ್‌ಬ್ಯಾಂಡ್ ಬಟನ್ ಒತ್ತಿ ಕಾಲ್ ತಗೊಳ್ಳಿ, ಆಮೇಲೆ ಪರದೆಯ ಪಟ್ಟಿಯಿಂದ ಕಾರಿಗೆ ಕಳಿಸಿ, ಮತ್ತೆ ಕಿವಿಗೆ ತನ್ನಿ. ವಾಟ್ಸ್‌ಆ್ಯಪ್ ಕಾಲ್‌ನಲ್ಲೂ ಒಮ್ಮೆ ಮಾಡಿ ನೋಡಿ, ಅದರ ಬಟನ್ ಬೇರೆ ಜಾಗದಲ್ಲಿರುತ್ತದೆ.

ಭಾನುವಾರ ಸಂಜೆ ಅಕ್ಕನ ಮನೆಯ ಅಂಗಳದಲ್ಲಿ ನಾವು ಹೀಗೇ ಮಾಡಿದೆವು. ಅಕ್ಕ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದಳು. ಭಾವ ಹಾಲ್‌ನಲ್ಲಿ ನಿಂತಿದ್ದರು. ಕಾರಿನ ಪರದೆಯಲ್ಲಿ ಅಕ್ಕನ ಹೆಸರು ಬಂತು. ನಾನು ಭಾವನಿಗೆ ಕಾಲ್ ಮಾಡಿದೆ. ಅವರು ಕೊರಳಿನ ಬಟನ್ ಒತ್ತಿ, ‘ಹಾಂ, ಹೇಳು, ಕೇಳ್ತಾ ಇದೆ’ ಅಂದರು.