ಕಾದಿದ್ದು ಕುಂಡ, ನಾನು ನೆರಳು ಕೊಟ್ಟಿದ್ದು ಎಲೆಗೆ

ನಮ್ಮೂರು ರಾಯದುರ್ಗ. 1953ರಲ್ಲಿ ಆಂಧ್ರಕ್ಕೆ ಸೇರುವವರೆಗೂ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಈಗ ಅನಂತಪುರ ಜಿಲ್ಲೆ. ಜಿಲ್ಲೆ ಯಾವುದಾದರೂ ಬಿಸಿಲು ಬಳ್ಳಾರಿಯದೇ. ನನ್ನ ತವರೂ ಬಳ್ಳಾರಿ ಕಡೆಯೇ. ಅಲ್ಲಿ ಅಂಜೂರದ ತೋಟಗಳು ಬಯಲಲ್ಲೇ ನಿಂತು ಹಣ್ಣು ಬಿಡುತ್ತವೆ, ಯಾರೂ ಅವಕ್ಕೆ ಕೊಡೆ ಹಿಡಿಯುವುದಿಲ್ಲ. ಅಣ್ಣನ ಮನೆಯಿಂದ ಪೆನ್ಸಿಲ್ ದಪ್ಪದ ಐದು ಕಡ್ಡಿ ತಂದು ಬೇರು ಬರಿಸಿ, ದೊಡ್ಡ ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ಹಾಕಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಬಿಸಿಲಿನ ಗಿಡ, ಬಿಸಿಲಿಗೇನು ಭಯ?

ಎರಡನೇ ವರ್ಷದ ಏಪ್ರಿಲ್‌ನಲ್ಲಿ ಎಲೆಗಳ ಅಂಚು ಸುಟ್ಟ ಹಪ್ಪಳದ ಹಾಗೆ ಆಯಿತು. ಬಟಾಣಿ ಗಾತ್ರದ ಕಾಯಿಗಳು ಒಂದೊಂದಾಗಿ ಉದುರಿದವು. ನೀರು ಕಡಿಮೆ ಆಯಿತೇನೋ ಅಂತ ಮಧ್ಯಾಹ್ನ ಪೈಪ್ ಹಿಡಿದೆ. ಪೈಪಿನಲ್ಲಿ ನಿಂತಿದ್ದ ನೀರು ಚಹಾ ಮಾಡುವಷ್ಟು ಕಾದಿತ್ತು ಅನ್ನೋದು ಕೈಗೆ ಬಿದ್ದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಎರಡು ಕುಂಡಕ್ಕೆ ಅದೇ ಬಿಸಿನೀರು ಹೋಗಿತ್ತು.

ಸರಿ, ನೆರಳು ಬೇಕು ಅಂತ ತೀರ್ಮಾನ ಮಾಡಿದೆ. ಅಂಗಡಿಯಲ್ಲಿ ಹಸಿರು ಶೇಡ್‌ನೆಟ್ 50, 75, 90 ಪರ್ಸೆಂಟ್ ಅಂತ ಸಿಗುತ್ತದೆ, ಅಂದರೆ ನೂರರಲ್ಲಿ ಅಷ್ಟು ಪಾಲು ಬಿಸಿಲು ತಡೆಯುವ ಬಲೆ. ಜಾಸ್ತಿ ಇದ್ದಷ್ಟು ಒಳ್ಳೇದಲ್ವಾ ಅಂತ 75 ತಂದೆ. ನಾಲ್ಕು ಪಿವಿಸಿ ಪೈಪ್ ನಿಲ್ಲಿಸಿ, ಮೇಲೆ ಚಪ್ಪಟೆಯಾಗಿ ಬಿಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಏನಮ್ಮಾ, ಗಿಡಕ್ಕೇನು ಮದುವೆ ಮಾಡ್ತೀಯಾ, ಚಪ್ಪರ ಹಾಕ್ತಿದೀಯಲ್ಲ?"

ಮದುವೆ ನಿಂತುಹೋಯಿತು. ಹದಿನೈದು ದಿನದಲ್ಲಿ ಪೈಪ್‌ಗಳು ಬಿಸಿಲಿಗೆ ಮೆತ್ತಗಾಗಿ ಬಾಗಿದವು. ಭರಣಿ ಮಳೆಯ ಮೊದಲ ಗಾಳಿಗೆ ನೆಟ್ಟು ಪಕ್ಕದ ಮನೆ ಟ್ಯಾಂಕಿನ ಮೇಲೆ ಹೋಗಿ ಕೂತಿತು. ತಂದು ಮತ್ತೆ ಕಟ್ಟಿದೆ. ಆದರೆ ಗಿಡ ನೋಡಿದರೆ ಖುಷಿಯಾಗಲಿಲ್ಲ. ಎಲೆ ದೊಡ್ಡದಾಯಿತು, ಬಣ್ಣ ತಿಳಿಯಾಯಿತು, ಗೆಣ್ಣಿನಿಂದ ಗೆಣ್ಣಿಗೆ ಗೇಣುದ್ದ ಬೆಳೆಯಿತು. ಹೊಸ ಕಾಯಿ ಮಾತ್ರ ಒಂದೂ ಇಲ್ಲ. ಅಂಜೂರಕ್ಕೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕು. ಅದನ್ನೇ ನಾನು ಕಿತ್ತುಕೊಂಡಿದ್ದೆ. ಇಷ್ಟಾದರೂ ಎಲೆಯ ಅಂಚು ಸುಡುವುದು ನಿಂತಿರಲಿಲ್ಲ!

ಒಂದು ದಿನ ಸಂಜೆ ಐದಕ್ಕೆ ಕಳೆ ಕೀಳಲು ಕುಂಡದ ಮಣ್ಣಿಗೆ ಬೆರಳು ಇಳಿಸಿದೆ. ನಡುಭಾಗ ಬೆಚ್ಚಗಿತ್ತು. ಅಂಚಿನ ಮಣ್ಣಲ್ಲಿ ಬೆರಳು ಇಡಲಾಗಲಿಲ್ಲ. ಬೇರುಗಳೆಲ್ಲ ಇರುವುದು ಅಲ್ಲೇ, ಕುಂಡದ ಗೋಡೆಗೆ ಅಂಟಿಕೊಂಡು ಸುತ್ತುವುದು ಅವುಗಳ ಚಾಳಿ. ತೋಟದ ಗಿಡಕ್ಕೆ ಕಾಲ ಕೆಳಗೆ ತಣ್ಣನೆಯ ಭೂಮಿ ಇರುತ್ತದೆ. ನನ್ನ ಗಿಡಕ್ಕೆ ಇದ್ದದ್ದು ಕಪ್ಪು ಕುಂಡ, ಅದರ ಕೆಳಗೆ ಕಾದ ಕಡಪ ಕಲ್ಲು. ಬೇರು ಬೆಂದರೆ ಎಷ್ಟು ನೀರು ಹಾಕಿದರೂ ಎಲೆಗೆ ತಲುಪುವುದಿಲ್ಲ.

ಜಾಗವೂ ತಪ್ಪಿತ್ತು. ನಮ್ಮ ಮನೆ ಪೂರ್ವಕ್ಕೆ ಮುಖ, ಹಿತ್ತಲು ಪಶ್ಚಿಮಕ್ಕೆ. ಕುಂಡಗಳನ್ನು ಮನೆಗೋಡೆಗೆ ಒತ್ತಿ ಇಟ್ಟಿದ್ದೆ. ಬೆಳಗಿನ ಎಳೆ ಬಿಸಿಲನ್ನು ಮನೆಯೇ ತಡೆಯುತ್ತಿತ್ತು. ಮಧ್ಯಾಹ್ನದ ಮೇಲೆ ಎದುರಿಂದ ಬಿಸಿಲು, ಬೆನ್ನಿಗೆ ಗೋಡೆಯ ಕಾವು. ಸುಮ್ನೆ ನೋಡಿದ್ದರೂ ಕಾಣುತ್ತಿತ್ತು, ನಾನು ನೋಡಿರಲಿಲ್ಲ.

ಮೊದಲು ಐದೂ ಕುಂಡಗಳನ್ನು ಹಿತ್ತಲಿನ ಪಶ್ಚಿಮದ ಕಾಂಪೌಂಡ್ ಪಕ್ಕಕ್ಕೆ ಎಳೆದೆ. ಆ ಗೋಡೆ ಐದಡಿ ಎತ್ತರ. ಈಗ ಒಂಬತ್ತರಿಂದ ಬಿಸಿಲು ಸಿಗುತ್ತದೆ, ಸಂಜೆ ನಾಲ್ಕರ ಮೇಲೆ ಕುಂಡಗಳ ಮೇಲೆ ಗೋಡೆಯ ನೆರಳು ಬೀಳುತ್ತದೆ. ಎಳೆಯುವಾಗ ಎಲೆ ಮುರಿದು ಹಾಲು ಮುಂಗೈಗೆ ತಾಗಿತು, ತೊಳೆಯದೆ ಬಿಸಿಲಲ್ಲೇ ಕೆಲಸ ಮಾಡಿದೆ. ಮಾರನೇ ದಿನ ಉರಿ, ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ. ಅಂಜೂರದ ಹಾಲು, ಬಿಸಿಲು ಎರಡೂ ಸೇರಿದರೆ ಚರ್ಮ ಸುಡುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಆಮೇಲೆ ಕುಂಡಗಳ ಉಪಚಾರ. ಹೊರಗೆ ಎರಡು ಸಲ ಸುಣ್ಣ ಬಳಿದೆ. ಕೆಳಗೆ ಮೂರು ಮೂರು ಇಟ್ಟಿಗೆ ಚೂರು ಇಟ್ಟು ಕಲ್ಲಿನಿಂದ ಮೇಲೆತ್ತಿದೆ. ಸುತ್ತ ಗೋಣಿಚೀಲ ಕಟ್ಟಿ, ಬೆಳಿಗ್ಗೆ ನೀರು ಹಾಕುವಾಗ ಅದನ್ನೂ ನೆನೆಸುತ್ತೇನೆ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಶೇಂಗಾ ಹೊಟ್ಟು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಹೊಟ್ಟನ್ನು ಕಾಂಡಕ್ಕೆ ತಾಗಿಸಬಾರದು, ಗೆದ್ದಲು ಬರುತ್ತದೆ. ನನಗೆ ಬಂದಿತ್ತು.

ಇಷ್ಟಾದ ಮೇಲೆ ಮೇಲಿನ ನೆರಳು ಸಣ್ಣ ಕೆಲಸ ಅನ್ನಿಸಿತು. ಈ ಸಲ 50 ಪರ್ಸೆಂಟ್ ನೆಟ್. ನೆಲ ಅಗೆಯುವಂತಿಲ್ಲ, ಕಡಪ ಕಲ್ಲು ಹಾಸಿದೆ. ಎರಡು ಸರ್ವೆ ಕಂಬಗಳನ್ನು 20 ಲೀಟರಿನ ಪೇಂಟ್ ಬಕೆಟ್‌ಗಳಲ್ಲಿ ನಿಲ್ಲಿಸಿ ಕಾಂಕ್ರೀಟ್ ತುಂಬಿದೆ. ಒಂದೊಂದೂ ಸುಮಾರು 45 ಕೆಜಿ. ಕಾಂಕ್ರೀಟ್ ಹಸಿ ಇರುವಾಗಲೇ ಬಕೆಟ್ ಜಾಗದಲ್ಲಿರಲಿ, ಆಮೇಲೆ ಸರಿಸುತ್ತೇನೆ ಅಂದರೆ ಯಜಮಾನರ ಸೊಂಟ ಕೇಳುವುದಿಲ್ಲ. ಕಂಬಗಳ ತುದಿ ಒಂಬತ್ತಡಿ, ನಡುವೆ ಹದಿನಾಲ್ಕಡಿ. ಒಳಕ್ಕೆ ವಾಲದಿರಲಿ ಅಂತ ತುದಿಗೆ ಒಂದು ಬೊಂಬು ಅಡ್ಡ ಕಟ್ಟಿ, ಮನೆಗೋಡೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೊಂಡಿಗೂ ತಂತಿ ಎಳೆದೆ. ಕಾಂಪೌಂಡ್ ಮೇಲೆ ಎರಡು ಕಬ್ಬಿಣದ ಆಂಗಲ್, ಅವುಗಳ ತುದಿ ಆರಡಿ. ಬೊಂಬಿನ ಕೆಳಗೊಂದು, ಆಂಗಲ್‌ಗಳ ನಡುವೆ ಒಂದು, ಹೀಗೆ ಎರಡು ಜಿಐ ತಂತಿ. ನೆಟ್ಟು ಅವುಗಳ ಮೇಲೆ ಕರ್ಟನ್ ಹಾಗೆ ಓಡುತ್ತದೆ. ಪೂರ್ವಕ್ಕೆ ಎತ್ತರ, ಪಶ್ಚಿಮಕ್ಕೆ ತಗ್ಗು. ಬೆಳಗಿನ ಬಿಸಿಲು ಅಡಿಯಿಂದ ನುಗ್ಗುತ್ತದೆ, ಮಧ್ಯಾಹ್ನದ್ದು ಜರಡಿ ಹಿಡಿದು ಬರುತ್ತದೆ. ನೆಟ್ಟು, ಗಿಡದ ತುದಿ ಇವೆರಡರ ನಡುವೆ ಎರಡಡಿ ಬಿಟ್ಟಿದ್ದೇನೆ. ನೆಟ್ಟೂ ಕಾಯುತ್ತದೆ, ಎಲೆಗೆ ತಾಗಿದರೆ ಅದೇ ಸುಡುತ್ತದೆ.

ನೆಟ್ಟನ್ನು ತಂತಿಗೆ ಪೋಣಿಸುವ ರಿಂಗಿಗೆ ಮೊದಲು ಮಗಳ ಹಳೇ ಪ್ಲಾಸ್ಟಿಕ್ ಬಳೆ ಹಾಕಿದ್ದೆ. ಅಂದವಾಗಿತ್ತು, ಮೇ ಮುಗಿಯುವಷ್ಟರಲ್ಲಿ ಪಟಪಟ ಒಡೆದವು. ಈಗ ಕಬ್ಬಿಣದ ರಿಂಗು. ನೆಟ್ಟಿನ ಅಂಚಿಗೆ ಮಾತ್ರ ಜೀನ್ಸ್ ಚಿಂದಿಯೇ ಬೇಕು. ನಮ್ಮೂರು ಜೀನ್ಸ್ ಹೊಲಿಯುವ ಊರು, ಬೀದಿಗೊಂದು ಮಿಷನ್ ಸದ್ದು. ಪಕ್ಕದ ಬೀದಿಯ ಟೈಲರ್ ಅಕ್ಕ ಒಂದು ಚೀಲ ಕಟಿಂಗ್ ಕೊಟ್ಟರು. ಅಂಚನ್ನು ಮಡಚಿ, ಚಿಂದಿ ಪಟ್ಟಿ ಸೇರಿಸಿ ಹೊಲಿದು, ರಿಂಗಿಗೂ ಅದರಿಂದಲೇ ಕಟ್ಟಿದೆ. ಬೈಂಡಿಂಗ್ ವೈರ್ ಗಾಳಿಗೆ ನೆಟ್ಟನ್ನು ಕತ್ತರಿಸುತ್ತದೆ, ಚಿಂದಿ ಕತ್ತರಿಸುವುದಿಲ್ಲ.

ಉತ್ತರದ ತುದಿಯಲ್ಲಿ ನೆಟ್ಟನ್ನು ಮೂರಡಿ ಜಾಸ್ತಿ ಬಿಟ್ಟು ಇಳಿಬಿಟ್ಟಿದ್ದೇನೆ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಮೇ ತಿಂಗಳ ಸಂಜೆ ಬಿಸಿಲು ವಾಯವ್ಯದ ಮೂಲೆಯಿಂದ ಬರುತ್ತದೆ. ಕೊನೆಯ ಕುಂಡವೊಂದೇ ಸುಡುತ್ತಿದ್ದುದಕ್ಕೆ ಕಾರಣ ಅದೇ. ಉಳಿದ ಕಡೆ ಪಕ್ಕಗಳನ್ನು ಮುಚ್ಚಿಲ್ಲ. ಒಮ್ಮೆ ಮುಚ್ಚಿ ನೋಡಿದ್ದೆ, ಗಾಳಿ ನಿಂತು ಎಲೆಯಡಿ ಕೆಂಪು ನುಸಿ ಹತ್ತಿತು. ವಾರವಿಡೀ ಬೆಳಿಗ್ಗೆ ಎಲೆ ತಿರುಗಿಸಿ ನೀರು ಹೊಡೆದು ತೊಳೆಯುವುದೇ ಕೆಲಸವಾಯಿತು.

ಮಾರ್ಚ್ ನಡುವಿನಿಂದ ಮೃಗಶಿರ ಮಳೆವರೆಗೆ ಮಾತ್ರ ನೆಟ್ಟು. ದಿನಾ ಹನ್ನೊಂದೂವರೆಗೆ ಎಳೆಯುತ್ತೇನೆ, ಗಾಳಿ ಎದ್ದರೆ ಸರಕ್ಕನೆ ಒಂದು ಕಡೆ ಸರಿಸಿ ಕಟ್ಟುತ್ತೇನೆ. ಜೂನ್‌ನಲ್ಲಿ ತೆಗೆಯುವಾಗ ಮೋಡದ ದಿನ ನೋಡಿ ತೆಗೆಯಬೇಕು. ನೆರಳಲ್ಲಿ ಬಂದ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದರೆ ಬೆಳ್ಳಗೆ ಸುಟ್ಟುಹೋಗುತ್ತದೆ.

ಕಳೆದ ಬೇಸಿಗೆ ಐದು ಗಿಡದಿಂದ ನಲವತ್ತರ ಹತ್ತಿರ ಹಣ್ಣು ಬಂತು, ಪಿಕಳಾರ ಹಕ್ಕಿಯ ಪಾಲು ಬಿಟ್ಟು. ಒಂದೇ ತಕರಾರು ಉಳಿದಿದೆ. ಅತ್ತೆ ಸಂಡಿಗೆ ಒಣಗಿಸುವುದೂ ಅದೇ ಏಪ್ರಿಲ್‌ನಲ್ಲಿ, ಅದೇ ಹಿತ್ತಲಲ್ಲಿ. ನಾನು ಹನ್ನೊಂದೂವರೆಗೆ ನೆಟ್ಟು ಎಳೆದು ಒಳಗೆ ಬಂದರೆ, ಹನ್ನೆರಡಕ್ಕೆ ತಂತಿಯ ಮೇಲೆ ರಿಂಗುಗಳು ಸರಿಯುವ ಸದ್ದು ಕೇಳುತ್ತದೆ. "ನಿನ್ನ ಗಿಡ ನಾಳೆನೂ ಇರುತ್ತಮ್ಮಾ, ನನ್ನ ಸಂಡಿಗೆ ಇವತ್ತೇ ಒಣಗಬೇಕು."